ತಿಗನಾರೆಯ ನಿಲುಗಡೆಯನ್ನು ನುಂಗಿದ ‘ರಕಸ್’

ಬಸ್ ಡಿಪೋದ ವ್ಯವಸ್ಥಾಪಕರೇ,

ಒಂದೇ ಒಂದು ಇಂಗ್ಲಿಷ್ ಪದ ಬರೆದು ನಮ್ಮೂರಿನ ನಿಲುಗಡೆಯನ್ನೇ ಕಿತ್ತುಹಾಕಿದ್ದೀರಿ. ತಿಗನಾರೆಯ ಪ್ರಯಾಣಿಕರು ‘ರಕಸ್’ ಮಾಡುತ್ತಾರಂತೆ, ಆದ್ದರಿಂದ ಇನ್ನು ಅಲ್ಲಿ ಬಸ್ ನಿಲ್ಲುವುದಿಲ್ಲವಂತೆ. ಬಸ್ಸಿನ ಗಾಜಿಗೆ ಅಂಟಿಸಿದ ನಿಮ್ಮ ನೋಟೀಸು ಹಾಗೆನ್ನುತ್ತದೆ. ಓದಿ ಹೇಳಲು ಊರವರು ನನ್ನನ್ನು ಕರೆದರು. ನಾನು ಕನ್ನಡ ಮಾಧ್ಯಮದ ಬಿ.ಎ.; ನಿಘಂಟು ತೆಗೆದೆ.

“ಅದೇನ್ ಸ್ವಾಮಿ ರಕಸ್ಸು, ಕಾಯ್ಲೆಯಾ?” ಎಂದರು ಕೂಲಿಗೆ ಹೋಗುವ ಪುಟ್ಟಮಾದಮ್ಮ.

“ಗಲಾಟೆ, ಗದ್ದಲ, ರಂಪ ಅಂತ ಕಣಮ್ಮ.”

“ಗಲಾಟೆ ಮಾಡ್ದೆ ಇದ್ದಿದ್ರೆ ಚಿಕ್ಕಯ್ಯನ ಕಾಲು ಏನಾಯ್ತಿತ್ತು ಅಂತ ಆ ಆಪೀಸರ್ನೇ ಕೇಳ್ಬುಡಿ.”

ಕೇಳುತ್ತಿದ್ದೇನೆ. ಆ ದಿನ ನಾನೂ ಅಲ್ಲಿದ್ದೆ. ವಯಸ್ಸಾದ ಚಿಕ್ಕಯ್ಯ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಇನ್ನೊಂದನ್ನು ಎತ್ತುವ ಮೊದಲೇ, ಬಾಗಿಲೂ ಮುಚ್ಚದೆ ಬಸ್ ಹೊರಟಿತು. ಕಂಬಿ ಹಿಡಿದು ನೇತಾಡುತ್ತಿದ್ದ ಅವರ ಇನ್ನೊಂದು ಕಾಲು ರಸ್ತೆಯ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ನಮ್ಮ ಕಡೆ ಬಸ್ ನಿಲ್ಲಿಸಲು ಇರುವ ಗಂಟೆ ಒಂದೇ, ಬಸ್ಸಿನ ತಗಡಿಗೆ ಬಡಿಯುವ ಅಂಗೈ. ನಾವೆಲ್ಲ ಓಡುತ್ತ ದಬದಬ ಬಡಿದೆವು. “ನಿಲ್ಸ್ಲಾ, ಚಿಕ್ಕಯ್ಯ ಸಿಕ್ಕಾಕ್ಕೊಂಡವ್ನೆ ಕಣ್ಲಾ” ಎಂದು ಪುಟ್ಟಮಾದಮ್ಮ ಕೂಗಿದ್ದು ಗುಡ್ಡದಾಚೆಗೂ ಕೇಳಿರಬೇಕು. ಬಸ್ ನಿಂತಿತು. ಮೊಣಕಾಲು ತರಚಿತು, ಕಾಲು ಉಳಿಯಿತು. ಚಾಲಕ ಇಳಿದು ಬಂದು ನೋಡಿದ್ದು ಚಿಕ್ಕಯ್ಯನವರನ್ನಲ್ಲ, ತಗಡು ನಗ್ಗಿದೆಯೇ ಎಂದು. ಆಮೇಲೆ ನಿಮಗೆ ವರದಿ ಹೋಯಿತು.

ಈ ಪದವನ್ನು ಎಲ್ಲಿ ಬಳಸಬೇಕೆಂದು ಈಗ ನನಗೂ ತಿಳಿಯಿತು. ನಿಮ್ಮ ಬಸ್ ಶಾಲೆಯ ಮುಂದೆ ಹಾರನ್ ಒತ್ತಿಕೊಂಡೇ ಹೋದರೆ ಅದು ಸೇವೆ. ನಿಮ್ಮ ಕಂಡಕ್ಟರು ಚಿಲ್ಲರೆಗಾಗಿ ಮುದುಕಿಯರ ಮೇಲೆ ಕಿರುಚಿದರೆ ಅದು ಶಿಸ್ತು. ಕೂಲಿಯವರು ಒಬ್ಬರ ಕಾಲಿಗಾಗಿ ಕೂಗಿದರೆ ಮಾತ್ರ ರಕಸ್. ಸದ್ದನ್ನು ಯಾರ ಬಾಯಿ ಎಂದು ನೋಡಿ ಅಳೆಯುತ್ತೀರಾ? ಬಾಗಿಲು ಮುಚ್ಚದವರಿಗೆ ಶಭಾಸ್, ಬಾಯಿ ಮುಚ್ಚದವರಿಗೆ ನೋಟೀಸ್. ಪ್ರಾಸ ನನ್ನದು, ನ್ಯಾಯ ನಿಮ್ಮದು.

ಈಗ ನಿಮ್ಮ ಬಸ್ ನಮ್ಮನ್ನು ಕಂಡೂ ಕಾಣದಂತೆ ಹೋಗುತ್ತದೆ. ಕೂಲಿಯವರು ನಡೆದು ತಾಳವಾಡಿ ಮುಟ್ಟುವಷ್ಟರಲ್ಲಿ ಮೇಸ್ತ್ರಿ ಬೇರೆಯವರನ್ನು ಕರೆದುಕೊಂಡು ಹೋಗಿರುತ್ತಾನೆ. ಬರಿಗೈಯಲ್ಲಿ ಮರಳುವವರನ್ನು ಜಗಲಿಯಿಂದಲೇ ನೋಡುವ ಚಿಕ್ಕಯ್ಯ, “ನನ್ ಒಂದ್ ಕಾಲ್ಗೋಸ್ಕರ ಊರ್ಗೇ ಬಸ್ ಇಲ್ದಂಗಾಯ್ತು, ತಪ್ಪಾಯ್ತು ಕಣ್ರಪ್ಪ” ಎಂದು ಒಬ್ಬೊಬ್ಬರಿಗೂ ಕೈ ಮುಗಿಯುತ್ತಾರೆ. ನಾಚಿಕೆಯಾಗಬೇಕಾದದ್ದು ಅವರಿಗೇ?

ನಿಲುಗಡೆ ನಮಗೆ ವಾಪಸ್ ಬೇಕು. ಗಾಜಿನ ಮೇಲಿನ ನೋಟೀಸು ಹರಿಯಬೇಕು. ಮತ್ತು ನೀವೇ ತಿಗನಾರೆಗೆ ಬಂದು ಚಿಕ್ಕಯ್ಯನವರ ಮುಂದೆ ನಿಂತು, ತಪ್ಪು ನಮ್ಮದು ಎನ್ನಬೇಕು. ಮೆಲ್ಲಗೆ ಹೇಳಿದರೂ ಸಾಕು. ಅವರ ಕಿವಿ ಚೆನ್ನಾಗಿಯೇ ಇದೆ.

ಇಂತಿ,
ನಿಮ್ಮ ಬಸ್ಸಿಗೆ ಬಡಿದ ಕೈಯಲ್ಲೇ ಇದನ್ನು ಬರೆದ
ಷಡಕ್ಷರಿ, ತಿಗನಾರೆ