ನೇರಳೆ ಮುಚ್ಚಳದ ರಕ್ತ

ಮಾರ್ಚ್ 3, ಬೆಳಿಗ್ಗೆ 8.10
ಲ್ಯಾಬಿನಲ್ಲಿ ರಕ್ತದ ಲವಣ ಅಳೆಯುವ ಮಿಷನ್‌ನ ಜ್ವಾಲೆ ಹಚ್ಚಿದೆ. ನೀಲಿಯಾಗಿ ನಿಂತಿತು. ಶುದ್ಧ ನೀರು ಕುಡಿಸಿ ಮುಳ್ಳನ್ನು ಸೊನ್ನೆಗೆ ತಂದೆ. ಆಮೇಲೆ ರೋಗಿಗಳ ರಕ್ತ. ಸೋಡಿಯಂನ ಹಳದಿ ಕುರುಡನಿಗೂ ಕಂಡೀತು. ಪೊಟ್ಯಾಸಿಯಂನ ತೆಳು ನೇರಳೆ ಅದರಡಿ ಅಡಗಿಬಿಡುತ್ತದೆ. ಫಿಲ್ಟರ್ ಹಾಕಿ ಅದನ್ನು ಹಿಡಿಯುವುದೇ ಹತ್ತೊಂಬತ್ತು ವರ್ಷದಿಂದ ನನ್ನ ಕಸುಬು.

ಹಾಸಿಗೆ 12ರ ಟೈಲರ್ — ಪೊಟ್ಯಾಸಿಯಂ 9.4! ಏಳು ದಾಟಿದರೇ ಎದೆಬಡಿತ ನಿಲ್ಲಬಹುದು. ವಾರ್ಡಿಗೆ ಓಡಿದೆ. ಆಸಾಮಿ ಕೂತು ಪೇಪರ್ ಓದುತ್ತಿದ್ದಾರೆ.

"ಮೇಡಂ, ನಿಮ್ಮ ಮಿಷನ್ ಪ್ರಕಾರ ಇವರು ಸತ್ತು ಎಷ್ಟು ಹೊತ್ತಾಯ್ತು?" ಅಂದರು ಡಾಕ್ಟರು. ವಾರ್ಡೆಲ್ಲ ನಕ್ಕಿತು.

ಮಾರ್ಚ್ 4
ಹಾಸಿಗೆ 7 — 9.8. ಅನುಮಾನ ಬಂತು. ಅದೇ ರಕ್ತದ ಕ್ಯಾಲ್ಸಿಯಂ ನೋಡಿದೆ. ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಿಷನ್ ಸರಿಯಿದೆ, ರಕ್ತವೇ ಕೆಟ್ಟಿದೆ.

ವಾರ್ಡಿಗೆ ಹೋಗಿ ನಿಂತೆ. ಕಣ್ಣಾರೆ ಕಂಡೆ. ಹೆಡ್ ಸಿಸ್ಟರ್ ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಾರೆ.

"ಕೆಂಪು ಮುಚ್ಚಳದ್ರಲ್ಲಿ ಸ್ವಲ್ಪ ಕಮ್ಮಿ ಇತ್ತು ಕಣಮ್ಮ, ನೇರಳೇದ್ರಿಂದ ತುಂಬಿಸ್ದೆ. ಒಬ್ಬನದೇ ರಕ್ತ ತಾನೇ?"

ಒಬ್ಬನದೇ ರಕ್ತವಂತೆ! ನನ್ನ ಪರೀಕ್ಷೆಗೆ ಬೇಕಾದ್ದು ಏನೂ ಬೆರೆಸದ ಕೆಂಪು ಟ್ಯೂಬು. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಟ್ಯೂಬಿನ ತಳದಲ್ಲಿ ಹಾಕಿರುವುದೇ ಪೊಟ್ಯಾಸಿಯಂ ಲವಣ. ಕ್ಯಾಲ್ಸಿಯಂ ನುಂಗುವುದೂ ಅದೇ.

ಮಾರ್ಚ್ 5
ಕ್ಯಾಲ್ಸಿಯಂ ಲೆಕ್ಕವನ್ನೂ ತೋರಿಸಿ ಡಾಕ್ಟರಿಗೆ ದೂರು ಹೇಳಿದೆ. ಸಿಸ್ಟರ್ ಡಾಕ್ಟರ ಮುಂದೆ, "ಅಯ್ಯೋ, ನಾನ್ಯಾಕೆ ಸುರೀಲಿ?" ಅಂದುಬಿಟ್ಟರು.

"ಬೇರೆಯವರ ಮೇಲೆ ಗೂಬೆ ಕೂರಿಸ್ಬೇಡಿ. ತಪ್ಪಾಯ್ತು ಅಂತ ಬರೆದುಕೊಡಿ. ಇಲ್ದಿದ್ರೆ ಲ್ಯಾಬ್ ಬಿಟ್ಟು ಸ್ಟೋರಿಗೆ ಹೋಗಿ," ಅಂದರು ಡಾಕ್ಟರು.

ಮನೆಯಲ್ಲಿ ಇವರು, "ಬರೆದು ಬಿಸಾಕೇ, ಒಂದು ಕಾಗದ ತಾನೇ" ಎಂದರು. ಹರಿಹಾಯ್ದೆ. ಕಾಗದದ್ದಲ್ಲ ಸಂಕಟ. ನಾಳೆ ನಿಜವಾಗಿಯೂ ಒಬ್ಬರ ಪೊಟ್ಯಾಸಿಯಂ ಏರಿದರೆ ನನ್ನ ಮಾತು ಯಾರು ನಂಬುತ್ತಾರೆ?

ಮಾರ್ಚ್ 10, ಬೆಳಿಗ್ಗೆ
ಬರೆದೆ. "ನನ್ನ ಅಜಾಗರೂಕತೆಯಿಂದ…" ಥೂ. ಕೋಟಿನ ಜೇಬಿನಲ್ಲಿದೆ. ಸಂಜೆ ಕೊಡಬೇಕು.

ಅದೇ ದಿನ, ಮಧ್ಯಾಹ್ನ 3.40, ವಾರ್ಡಿನ ಬೆಂಚು
ಟೈಲರ್ — 7.9. ಕ್ಯಾಲ್ಸಿಯಂ? ಸರಿಯಾಗಿದೆ. ಅಂದರೆ ರಕ್ತ ಶುದ್ಧ, ಸಂಖ್ಯೆ ನಿಜ. ಫೋನ್ ಮಾಡಿದೆ.

"ಮತ್ತೆ ಶುರುವಾಯ್ತಾ ನಿಮ್ಮ ಮಿಷನ್ ಪುರಾಣ?" ಸಿಸ್ಟರ್ ಫೋನ್ ಕುಕ್ಕಿದರು.

ಕೈಗೆ ಸಿಕ್ಕ ಕಾಗದದಲ್ಲಿ ಎರಡೂ ಸಂಖ್ಯೆ ಗೀಚಿ ಓಡಿದೆ. ಇವತ್ತು ಟೈಲರ್ ಪೇಪರ್ ಓದುತ್ತಿರಲಿಲ್ಲ. ಕೈ ಎತ್ತಲೂ ಆಗುತ್ತಿರಲಿಲ್ಲ.

"ಕ್ಯಾಲ್ಸಿಯಂ ನೋಡಿ ಸಾರ್! ಕ್ಯಾಲ್ಸಿಯಂ ಸರಿ ಇದೆ!" ಕಾಗದ ಡಾಕ್ಟರ ಕೈಗೆ ತುರುಕಿ ಕಿರುಚಿಬಿಟ್ಟೆ. ಡಾಕ್ಟರು ಇಸಿಜಿ ಹಾಕಿಸಿದರು. ಮುಖ ಬಿಳುಚಿತು. ಇಂಜೆಕ್ಷನ್, ಓಡಾಟ…

ಎದೆಬಡಿತ ಹಾದಿಗೆ ಬಂದಿದೆಯಂತೆ. ಈಗಷ್ಟೇ ಡಾಕ್ಟರು ಹೊರಗೆ ಬಂದು ಆ ಕಾಗದ ತಿರುಗಿಸಿದರು. ಹಿಂದೆ ನನ್ನ ಕ್ಷಮಾಪಣೆ. ಪೂರ್ತಿ ಓದಿದರು.

"ಇದು… ಫೈಲಿಗೆ ಹಾಕ್ಬೇಕು."

"ಯಾವ ಕಡೆ ಮೇಲೆ ಬರೋ ಹಾಗೆ ಸಾರ್?" ಅಂದೆ. ಕಾಗದ ಹಿಡಿದು ಒಳಗೆ ಹೋದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮರುಪರೀಕ್ಷೆಯ ರಕ್ತ ಹಿಡಿದು ಹೆಡ್ ಸಿಸ್ಟರ್ ಇತ್ತಲೇ ಬರುತ್ತಿದ್ದಾರೆ. ತಲೆ ತಗ್ಗಿಸಿದ್ದಾರೆ. ಕೆಂಪು ಮುಚ್ಚಳ. ಟ್ಯೂಬ್ ಅರ್ಧವೇ ತುಂಬಿದೆ, ನೇರಳೆಯದ್ದು ಸುರಿದಿಲ್ಲ. ಸದ್ಯ, ಅರ್ಧವೇ—