ತುಂಡಾದ ಶಾಫ್ಟು

ವಿರಾಜಪೇಟೆ, ೨೧ ನವೆಂಬರ್ ೧೯೨೯, ಗುರುವಾರ

ಬೆಳಿಗ್ಗೆಯಿಂದ ರಿಪೇರಿಗೆಂದು ಬಸ್ಸಿನ ಅಡಿಯಲ್ಲೇ ಮಲಗಿದ್ದೆ, ಬೆನ್ನು ನೆಟ್ಟಗಾಗುತ್ತಿಲ್ಲ.

ನಿನ್ನೆ ಪೆರುಂಬಾಡಿ ಏರಿನಲ್ಲಿ ಶಾಫ್ಟು ತುಂಡಾಯಿತು. ಇಂಜಿನ್ನಿನ ಎಳೆತ ಹಿಂದಿನ ಚಕ್ರಕ್ಕೆ ಹೋಗುವುದು ಅದರಿಂದಲೇ, ಬ್ರೇಕು ಹಿಡಿಯುವುದೂ ಅದನ್ನೇ. ಹಾಗಾಗಿ ಬಸ್ಸು ಜನರ ಸಮೇತ ಹಿಂದಕ್ಕೆ ಉರುಳಿತು. ಡ್ರೈವರ್ ಬೆಳ್ಯಪ್ಪಣ್ಣ ಅದನ್ನು ರಸ್ತೆ ಬದಿಯ ಗುಡ್ಡದ ಬರೆಗೆ ಗುದ್ದಿಸಿ ನಿಲ್ಲಿಸಿದರು. ಯಾರೂ ಸಾಯಲಿಲ್ಲ. ಅವರ ಬಲಗೈ ಮುರಿಯಿತು.

ಇವತ್ತು ತುಂಡನ್ನು ಒರೆಸಿ ನೋಡಿದೆ. ಅರ್ಧ ಹೊಸ ಮುರಿತ, ಹೊಳೆಯುತ್ತಿದೆ. ಉಳಿದರ್ಧ ತುಕ್ಕು ಹಿಡಿದ ಹಳೆಯ ಬಿರುಕು. ಹೋದ ತಿಂಗಳು ಗ್ರೀಸು ಹಾಕುವಾಗ ಆ ಗೆರೆ ಕಣ್ಣಿಗೆ ಬಿದ್ದಿತ್ತು. ಬರೀ ಗೀರು ಅಂದುಕೊಂಡು ಸುಮ್ಮನಾದೆ.

ಸಂಜೆ ಆಸ್ಪತ್ರೆಗೆ ಹೋದೆ.

“ನಾನೇ ಗೇರು ತಪ್ಪಿಸಿದೆ ಅಂತಾರೆ ಸಾಹುಕಾರರು. ಕೆಲಸದಿಂದ ತೆಗೀತಾರಂತೆ, ದೇರಣ್ಣ” ಅಂದರು ಬೆಳ್ಯಪ್ಪಣ್ಣ.

“ತಪ್ಪು ನಿಮ್ಮದಲ್ಲ. ಶಾಫ್ಟು ಮೊದಲೇ ಬಿರುಕು ಬಿಟ್ಟಿತ್ತು. ನಾನು ನೋಡಿದ್ದೆ.”

ಅವರು ಗೋಡೆ ಕಡೆ ತಿರುಗಿ ಮಲಗಿದರು. ಆಮೇಲೆ, “ಸಾಹುಕಾರರಿಗೂ ಹೇಳ್ತೀಯಾ?” ಅಂದರು.

ಹೇಳಿಯೇ ಮನೆಗೆ ಬಂದೆ. ಅವರ ಕೆಲಸ ಉಳಿಯಿತು. ನನಗೆ ನಾಳೆಯಿಂದ ಇಲ್ಲ. ಸಿಟ್ಟೂ ಬರುತ್ತಿಲ್ಲ, ಅಳುವೂ ಬರುತ್ತಿಲ್ಲ, ಬರೀ ಸುಸ್ತು.

ಹೆಂಡತಿ ಹೊನ್ನಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಅವಳಿಗಿನ್ನೂ ಹೇಳಿಲ್ಲ. ಎದ್ದು ಹೋಗಬೇಕು, ಆದರೆ…