ನನ್ನ ಕಡೆಯ ಚೆಂಡು

ಭಾನುವಾರ, ೯ ನವೆಂಬರ್ ೨೦೨೫

ಕೋಟನೂರದ ಗಾಜುಗೋಡೆಯ ಪ್ಯಾಡಲ್ ಟೆನಿಸ್ ಕೋರ್ಟಿನಲ್ಲಿ ಇವತ್ತೂ ಜಗಳ. ನನ್ನ ಆಪರೇಷನ್ ಆದಾಗಿನಿಂದ ನಮ್ಮ ಯಜಮಾನರು ಮನೆಯಲ್ಲಿ ಕೊಡ ಎತ್ತಲು ಬಿಡುವುದಿಲ್ಲ. ಆಟದಲ್ಲೂ ನನ್ನ ಕಡೆ ಬಂದ ಚೆಂಡನ್ನೆಲ್ಲ ತಾವೇ ಓಡಿಬಂದು ಹೊಡೆಯುತ್ತಾರೆ.

“ಹಂಗಾರ ನಾ ಯಾಕ ನಿಂದ್ರಬೇಕ್ರೀ ಇಲ್ಲಿ?” ಎಂದು ರೇಗಿದೆ.

ಕೋಚ್ ಎಸೆದ ಮುಂದಿನ ಚೆಂಡು ಹಿಂದಿನ ಗಾಜಿಗೆ ಬಡಿದು ನನ್ನತ್ತ ಪುಟಿಯಿತು. ಓಡಿಬರುತ್ತಿದ್ದ ಇವರು ತಟ್ಟನೆ ನಿಂತು, “ಮಲ್ಲಿಕಾ, ನಿಂದದ, ಹೊಡಿ!” ಎಂದು ಕೂಗಿದರು. ಹೊಡೆದೆ. ಬಲೆಗೆ ಬಿತ್ತು. ಆದರೂ ಎಷ್ಟು ಖುಷಿ!

ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡೆವು. ಚೀಲಕ್ಕೆ ಕೈಚಾಚಿದೆ. ಇವರು ಅನುಮಾನಿಸುತ್ತಲೇ ಒಂದು ಹಿಡಿಕೆ ಬಿಟ್ಟುಕೊಟ್ಟರು. ಮನೆತನಕ ಇಬ್ಬರೂ ಹಿಡಿದುಕೊಂಡೇ ಬಂದೆವು.

ಹಿಡಿಕೆ ಒತ್ತಿದ ಬೆರಳು ಇನ್ನೂ ಉರಿಯುತ್ತಿದೆ. ಇವರಿಗೆ ಮಾತ್ರ ಹೇಳುವುದಿಲ್ಲ.